ಊಟದ ಅವಧಾನ: ಮನೆಯಲ್ಲಿ, ಹಾದಿಯಲ್ಲಿ



ಮದುವೆ ಮುಂಜಿಗಳ ಪಂಕ್ತಿಯಲ್ಲಿ, ಎಲೆಯ ಮೇಲೆ ಎಲ್ಲವೂ ಬಡಿಸಿಯಾದ ತರುವಾಯ, ಮನೆಯ ಯಜಮಾನರು ಕೈಜೋಡಿಸಿಕೊಂಡು ಸಾಲಿನ ಉದ್ದಕ್ಕೂ ನಡೆಯುತ್ತ ‘ಸಾವಕಾಶವಾಗಿ ಊಟ ಮಾಡಬೇಕು’ ಎಂದು ಪ್ರಾರ್ಥಿಸಿಕೊಳ್ಳುವ ಪದ್ಧತಿ ನಮ್ಮಲ್ಲುಂಟು. ಕೇವಲ ಉಪಚಾರವೆಂದು ನಾವು ತಿಳಿದಿರುವ ಈ ಮಾತು ಶರೀರಧರ್ಮಕ್ಕೆ ಸಮ್ಮತವಾದ ವಿವೇಕವೂ ಆಗಿದೆ. ಆದರೆ ಇಂದಿನ ಕಲ್ಯಾಣಮಂಟಪಗಳಲ್ಲಿ ಯಜಮಾನರು ಆ ಮಾತನ್ನು ಆಡಿ ಮುಗಿಸುವ ಮೊದಲೇ ಮುಂದಿನ ಪಂಕ್ತಿಯವರು ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರಾದ್ದರಿಂದ, ಅದನ್ನು ಪಾಲಿಸುವ ಭಾಗ್ಯ ಯಾರಿಗೂ ಇಲ್ಲವಾಗಿದೆ.

ಉಂಡದ್ದು ಸಾಕಾಯಿತೆಂಬ ವಾರ್ತೆ ಹೊಟ್ಟೆಯಿಂದ ತಲೆಗೆ ತತ್‌ಕ್ಷಣ ಮುಟ್ಟುವುದಿಲ್ಲ. ಜಠರವು ಹಿಗ್ಗುತ್ತಿರುವ ಸಂಗತಿಯನ್ನು ನರವೊಂದು ಮಿದುಳಿಗೆ ತಿಳಿಸುತ್ತದೆ. ಆಹಾರವು ಸಣ್ಣ ಕರುಳನ್ನು ಸೇರಿದ ಬಳಿಕ ಅಲ್ಲಿ ಸ್ರವಿಸುವ ಹಾರ್ಮೋನುಗಳು ಅದೇ ಸಂಗತಿಯನ್ನು ಇನ್ನೊಂದು ದಾರಿಯಿಂದ ದೃಢಪಡಿಸುತ್ತವೆ. ಇವೆರಡೂ ಕೂಡಿ ತೃಪ್ತಿಯ ಭಾವ ಮೂಡುವುದಕ್ಕೆ, ಊಟಕ್ಕೆ ಕುಳಿತಾಗಿನಿಂದ ಸುಮಾರು 20 ನಿಮಿಷಗಳಾದರೂ ಹಿಡಿಯುವುದೆಂದು ವೈದ್ಯರು ಹೇಳುತ್ತಾರೆ. ಹತ್ತು ನಿಮಿಷದೊಳಗೆ ಎಲೆ ಮಡಿಸಿ ಏಳುವವನು, ಕೈತೊಳೆದು ಅಡಕೆ ಬಾಯಿಗೆ ಹಾಕಿಕೊಂಡ ಮೇಲೆ ‘ಸ್ವಲ್ಪ ಹೆಚ್ಚಾಯಿತು’ ಎಂದು ಹೊಟ್ಟೆ ಸವರಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಾರು ಕಲಸುವುದಕ್ಕೆ ಮುಂಚೆ ಬರಿಯ ಅನ್ನದ ಒಂದು ತುತ್ತನ್ನು ಬಾಯಲ್ಲಿಟ್ಟು ಅವಸರವಿಲ್ಲದೆ ಅಗಿದು ನೋಡಿರಿ. ಮೊದಲು ಸಪ್ಪೆಯೆನಿಸಿದ್ದು ಕ್ರಮೇಣ ಸಿಹಿಯಾಗುತ್ತ ಬರುವುದು. ಅನ್ನದ ಪಿಷ್ಟವನ್ನು ಜೊಲ್ಲು ಸಕ್ಕರೆಯಾಗಿ ಒಡೆಯುತ್ತಿರುವುದರ ಕುರುಹು ಅದು. ಜೀರ್ಣಕ್ರಿಯೆ ಆರಂಭವಾಗುವುದು ಬಾಯಿಯಲ್ಲಿ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಪ್ರಮಾಣ ಬೇಕಿಲ್ಲ. ರಾಗಿಮುದ್ದೆಯನ್ನು ನುಂಗಿ ಬೆಳೆದ ನಮ್ಮ ಹಳೆಯ ಮೈಸೂರಿನ ಬಾಂಧವರು ಇದನ್ನು ಕೇಳಿ ನಗಬಹುದು. ಮುದ್ದೆಯನ್ನು ಅಗಿದು ತಿನ್ನಿರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡುವುದಕ್ಕೆ ಮುದ್ದೆಯ ಅಡ್ಡಿ ಇಲ್ಲವಷ್ಟೆ.

ಹೊಟ್ಟೆಯ ಅವಕಾಶವನ್ನು ಮೂರು ಪಾಲು ಮಾಡಿ, ಒಂದನ್ನು ಘನಾಹಾರಕ್ಕೂ ಮತ್ತೊಂದನ್ನು ದ್ರವಕ್ಕೂ ಕೊಟ್ಟು, ಮೂರನೆಯದನ್ನು ವಾತ ಪಿತ್ತ ಶ್ಲೇಷ್ಮಗಳ ಸಂಚಾರಕ್ಕೆಂದು ತೆರವಾಗಿಡಬೇಕೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವಿಧಿಸಿದೆ. ಉಣ್ಣುವಾಗ ಮಾತು ನಗೆಗಳನ್ನು ಬಿಟ್ಟು ಮನಸ್ಸನ್ನು ಅನ್ನದಲ್ಲಿರಿಸಬೇಕೆಂಬುದೂ ಅಲ್ಲಿಯದೇ ವಿಧಿ. ಈ ಎರಡನೆಯದನ್ನು ಅಕ್ಷರಶಃ ಪಾಲಿಸಬೇಕೆಂದು ನಾನು ಹೇಳಲಾರೆ; ಮನೆಮಂದಿಯೆಲ್ಲ ಒಂದೆಡೆ ಕೂಡುವುದೇ ರಾತ್ರಿಯ ಊಟಕ್ಕೆಂದಿರುವಾಗ ಅಲ್ಲಿಯೂ ಮೌನವನ್ನು ಹೇರುವುದು ಕ್ರೌರ್ಯವಾದೀತು. ಎಡಗೈಯಲ್ಲಿ ಮೊಬೈಲು ಹಿಡಿದು, ಬಲಗೈ ಎಷ್ಟನ್ನು ಬಾಯಿಗಿಟ್ಟಿತೆಂಬ ಅರಿವೇ ಇಲ್ಲದೆ ಉಣ್ಣುವುದು ಮಾತ್ರ ಬೇರೆಯ ವಿಷಯ.

ಹಸಿವು ಬೇರೆ, ಚಪಲ ಬೇರೆ. ಸಂಜೆಯ ಹೊತ್ತು ಏನನ್ನಾದರೂ ತಿನ್ನಬೇಕೆನಿಸಿದಾಗ, ಬೆಳಗಿನ ತಂಗಳು ರೊಟ್ಟಿಯಾದರೂ ಆದೀತೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಆದೀತೆಂದರೆ ಅದು ಹಸಿವು. ಮೂಲೆಯಂಗಡಿಯ ಬೋಂಡವೇ ಆಗಬೇಕೆಂದರೆ ಪ್ರಾಯಶಃ ಚಪಲ. ಚಪಲವನ್ನು ಎಂದೂ ತೀರಿಸಿಕೊಳ್ಳಬಾರದೆಂದಲ್ಲ, ತೀರಿಸಿಕೊಳ್ಳುತ್ತಿರುವುದು ಚಪಲವನ್ನೆಂಬುದು ತಿಳಿದಿದ್ದರೆ ಬೋಂಡ ಎರಡಕ್ಕೇ ನಿಲ್ಲುತ್ತದೆ. ಮನೆಯಲ್ಲಿ ದೇಹದ ಮಾತನ್ನು ಮುಳುಗಿಸುವ ಧ್ವನಿಗಳಲ್ಲಿ ಬಡಿಸುವವರ ಪ್ರೀತಿಯದೂ ಒಂದು. ‘ಇನ್ನೊಂದೇ ಒಂದು ಹೋಳಿಗೆ’ ಎಂದು ಅತಿಥಿಯನ್ನು ಬಲವಂತಪಡಿಸುವ ಗೃಹಿಣಿಯೇ, ಎಲ್ಲರದೂ ಆದ ಮೇಲೆ, ಮಕ್ಕಳ ತಟ್ಟೆಯಲ್ಲುಳಿದ ಚಿತ್ರಾನ್ನವನ್ನೂ ಪಾತ್ರೆಯ ತಳದ ಪಲ್ಯವನ್ನೂ ‘ಹಾಳಾಗುವುದಲ್ಲಾ’ ಎಂದು ತಾನೇ ಉಂಡು ಮುಗಿಸುವಳು. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ಶ್ರೇಷ್ಠವೇ ಸರಿ. ಆದರೆ ಅದರ ಭಾರವನ್ನೆಲ್ಲ ತಾಯಿಯೊಬ್ಬಳ ಹೊಟ್ಟೆ ಹೊರಬೇಕಾಗಿಲ್ಲ. ಮೊದಲೇ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಬಡಿಸಿದರೆ ತೀರಿತು.

ಪ್ರಯಾಣದಲ್ಲಿ ದೇಹದ ಮಾತನ್ನು ಕೇಳುವ ತೊಡಕು ಇಮ್ಮಡಿಯಾಗುತ್ತದೆ. ರಾತ್ರಿಯ ಬಸ್ಸು ಹೆದ್ದಾರಿಯ ಹೋಟೆಲೊಂದರ ಮುಂದೆ ನಿಂತು, ಕಂಡಕ್ಟರು ‘ಹತ್ತು ನಿಮಿಷ, ಊಟ ತಿಂಡಿ ಮಾಡೋರು ಮಾಡ್ಕೊಳ್ಳಿ’ ಎಂದು ಕೂಗಿದೊಡನೆ, ಮನೆಯಲ್ಲಿ ಉಂಡೇ ಹೊರಟವರೂ ಇಳಿದು ಮಸಾಲೆದೋಸೆಗೆ ಚೀಟಿ ಪಡೆಯುವರು. ಅಲ್ಲಿ ಹಸಿದಿರುವುದು ಹೊಟ್ಟೆಯಲ್ಲ, ಬಿಡುವು. ಮುಂದೆ ಚಾರ್ಮಾಡಿಯ ಅಥವಾ ಶಿರಾಡಿಯ ತಿರುವುಗಳು ಕಾದಿದ್ದರಂತೂ ಆ ದೋಸೆ ದುಬಾರಿಯಾಗುತ್ತದೆ: ಒಳಗಿವಿಯು ಚಲನೆಯನ್ನು ಹೇಳುತ್ತಿರುವಾಗ ಕಣ್ಣು ಸ್ಥಿರವಾದ ಸೀಟಿನ ಬೆನ್ನನ್ನು ನೋಡುತ್ತಿರುವುದರಿಂದ ಉಂಟಾಗುವ ವಾಂತಿಯ ಪೀಡೆಯು ತುಂಬಿದ ಹೊಟ್ಟೆಯಲ್ಲಿ ಹೆಚ್ಚುವುದು. ಘಾಟಿಗೆ ಮುನ್ನ ಹಗುರಾಗಿ ತಿಂದು, ಮುಂದಿನ ಆಸನದಲ್ಲಿ ಕುಳಿತು, ಓದುವುದನ್ನು ಬಿಟ್ಟು ದೂರದ ರಸ್ತೆಯನ್ನು ನೋಡುವುದು ಲೇಸು.

ಬುತ್ತಿ ಕಟ್ಟುತ್ತಿದ್ದ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ಉತ್ತರ ಕರ್ನಾಟಕದ ಕಟಕು ರೊಟ್ಟಿಯನ್ನು ನೀರಿನ ಪಸೆಯೇ ಉಳಿಯದಷ್ಟು ಒಣಗಿಸಿರುವುದರಿಂದ, ಶೇಂಗಾ ಚಟ್ನಿಪುಡಿಯೊಡನೆ ಅದು ಹಲವು ದಿನ ಕೆಡದೆ ಬರುತ್ತದೆ. ಪುಳಿಯೋಗರೆಯನ್ನು ಹುಣಿಸೆಯ ಹುಳಿ ಕಾಯುತ್ತದೆ. ಹಾಲಿನಲ್ಲಿ ಕಲಸಿದ ಅನ್ನಕ್ಕೆ ಒಂದು ಚಮಚ ಹೆಪ್ಪು ಹಾಕಿ ಕಟ್ಟಿಕೊಂಡರೆ, ಉಣ್ಣುವ ಹೊತ್ತಿಗೆ ಹುಳಿಯದ ಹಿತವಾದ ಮೊಸರನ್ನ ಸಿದ್ಧ. ಹೊರಗೆ ತಿನ್ನಲೇಬೇಕಾದಲ್ಲಿ, ಹಬೆಯಾಡುತ್ತಿರುವ ಇಡ್ಲಿ ನಿರಪಾಯ. ಬೆಳಗಿನಿಂದ ಹೊರಗಿಟ್ಟ ತೆಂಗಿನಕಾಯಿ ಚಟ್ನಿಯೂ ಹೆಚ್ಚಿಟ್ಟ ಹಣ್ಣೂ ಹಾಗಲ್ಲ.

ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗಲಾರದೆಂಬ ಭಯದಿಂದ ನಮ್ಮ ಹೆಣ್ಣುಮಕ್ಕಳು ಹೊರಡುವುದಕ್ಕೆ ಮುಂಚಿನಿಂದಲೇ ನೀರು ಕುಡಿಯುವುದನ್ನು ಬಿಡುವರು. ತಡೆಯಬಾರದ ಹದಿಮೂರು ವೇಗಗಳನ್ನು, ಎಂದರೆ ದೇಹದ ಸಹಜ ಒತ್ತಡಗಳನ್ನು, ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿದೆ. ಮಲಮೂತ್ರಗಳ ಜೊತೆಗೆ ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರುಗಳೂ ಆ ಪಟ್ಟಿಯಲ್ಲಿವೆ. ನೀರು ಕುಡಿಯದೆ, ಮೂತ್ರವನ್ನು ತಡೆದು ಮಾಡುವ ಪಯಣದಿಂದ ತಲೆನೋವೂ ಮೂತ್ರದ ಉರಿಯೂ ಬಂದೊದಗಬಹುದು. ಇದರ ಹೊಣೆ ಹೆಂಗಸರದಲ್ಲ, ಬಸ್ಸು ನಿಲ್ಲಿಸುವ ಸ್ಥಳವನ್ನು ಆರಿಸುವವರದು. ಆದರೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ, ಬಸ್ಸು ನಿಲ್ಲಿಸಿರೆಂದು ಕೇಳಲು ನಾಚದಿರಿ.

ದೇಹದ ಮಾತನ್ನು ನೆಚ್ಚಿ ಕುಳಿತಿರಬಾರದವರೂ ಉಂಟು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ ವೃದ್ಧರು ದಾಹವಾಗದಿದ್ದರೂ ನೀರು ಕುಡಿಯಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹಸಿವೆಯಾಗಲೆಂದು ಕಾಯದೆ ವೈದ್ಯರು ಹೇಳಿದ ವೇಳೆಗೆ ಉಣ್ಣಬೇಕು. ಬಸ್ಸು ತಡವಾಗಬಹುದಾದ್ದರಿಂದ ಸಕ್ಕರೆಯ ಪೊಟ್ಟಣವೊಂದು ಜೇಬಿನಲ್ಲಿರಬೇಕು. ಮೈ ಬೆವರಿ ಕೈ ನಡುಗತೊಡಗಿದರೆ ಅದನ್ನು ಆಗಲೇ ಬಾಯಿಗೆ ಹಾಕಿಕೊಳ್ಳತಕ್ಕದ್ದು.

ಇಷ್ಟೆಲ್ಲ ಎಚ್ಚರದಿಂದಿದ್ದೂ ಪರಸ್ಥಳದಲ್ಲಿ ಭೇದಿ ಹಿಡಿಯಿತೆಂದರೆ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಹಾ ಚಮಚ ಉಪ್ಪನ್ನೂ ಕರಗಿಸಿ ಆಗಾಗ ಕುಡಿಯುತ್ತಿರಬೇಕು. ಉಪ್ಪು ಅಳತೆ ಮೀರಕೂಡದು. ರಕ್ತ ಕಾಣಿಸಿಕೊಂಡರೆ, ಜ್ವರ ಬಂದರೆ, ಮಗುವಿನ ಕಣ್ಣು ಗುಳಿಬಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಹತ್ತಿರದ ಆಸ್ಪತ್ರೆಗೆ ಹೋಗಿರಿ.