ಬಿಟ್ಟಿಯೂ ಬಿಡುಗಡೆಯೂ



ಗಣಕಯಂತ್ರದ ವಿಚಾರವಾಗಿ ಅಧಿಕಾರವಾಣಿಯಿಂದ ಮಾತನಾಡುವ ಯೋಗ್ಯತೆ ನನ್ನದಲ್ಲ. ನಾನು ಕನ್ನಡದ ಮೇಷ್ಟರು. ಯಂತ್ರದ ಒಳಗುಟ್ಟನ್ನು ಅರಿತವನಲ್ಲ. ಆದರೂ ನಷ್ಟವೊಂದು ನನಗೆ ಕಲಿಸಿದ ಪಾಠವನ್ನು ತಮ್ಮಲ್ಲಿ ನಿವೇದಿಸಿಕೊಳ್ಳಬೇಕೆನಿಸಿದೆ.

ನಮ್ಮ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿಗಳನ್ನು ಹಾಡುತ್ತಿದ್ದರು. 2001ರಲ್ಲಿ, ಅವರ ಕೊನೆಗಾಲದಲ್ಲಿ, ಪಕ್ಕದಲ್ಲಿ ಕುಳಿತು ಇನ್ನೂರಕ್ಕೂ ಮಿಕ್ಕ ಹಾಡುಗಳನ್ನು ಬರೆದುಕೊಂಡೆ. ಬಳಿಕ ಗಣಕದಲ್ಲಿ ಬೆರಳಚ್ಚು ಮಾಡಿಟ್ಟೆ. ಅದಕ್ಕೆ ಬೇಕಾದ ಕನ್ನಡ ತಂತ್ರಾಂಶ ಪುಕ್ಕಟೆಯಾಗಿ ದೊರೆತಿತ್ತು. ಕಾಸಿಲ್ಲದೆ ಸಿಕ್ಕಿತಲ್ಲ ಎಂದು ಹಿಗ್ಗಿದೆನೇ ಹೊರತು, ಅದರ ಷರತ್ತುಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ಕೈಬರಹದ ಪುಸ್ತಕಕ್ಕೆ ಗೆದ್ದಲು ಹಿಡಿದಾಗಲೂ, ಗಣಕದಲ್ಲಿದೆಯಲ್ಲ ಎಂದು ಧೈರ್ಯವಾಗಿದ್ದೆ. ಕೆಲವು ವರ್ಷಗಳ ಮೇಲೆ ಹೊಸ ಯಂತ್ರ ಕೊಂಡಾಗ ಆ ತಂತ್ರಾಂಶ ಅದರಲ್ಲಿ ನಡೆಯಲೇ ಇಲ್ಲ. ತಯಾರಿಸಿದವರು ಅಷ್ಟರಲ್ಲಿ ಆ ಕೆಲಸವನ್ನೇ ಬಿಟ್ಟಿದ್ದರು. ಕಡತ ತೆರೆದರೆ ತಾಯಿಯ ಹಾಡು ಇರಬೇಕಾದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಚೆಲ್ಲಾಡಿದ್ದವು.

ಬಿಟ್ಟಿ ಬೇರೆ, ಬಿಡುಗಡೆ ಬೇರೆ ಎಂಬುದು ಅಂದು ಮನದಟ್ಟಾಯಿತು. ಇಂಗ್ಲಿಷಿನಲ್ಲಿ ಎರಡಕ್ಕೂ 'ಫ್ರೀ' ಎಂಬ ಒಂದೇ ಶಬ್ದ. ಗೊಂದಲದ ಮೂಲವೇ ಅದು. ಕನ್ನಡಕ್ಕೆ ಆ ಬಡತನವಿಲ್ಲ. ಬೆಲೆಯಿಲ್ಲದ್ದು ಉಚಿತ ತಂತ್ರಾಂಶ. ಬಳಸುವವನನ್ನು ಕಟ್ಟಿಹಾಕದಿರುವುದು ಸ್ವತಂತ್ರ ತಂತ್ರಾಂಶ. ಸ್ವತಂತ್ರ ತಂತ್ರಾಂಶವನ್ನು ಹಣಕ್ಕೆ ಮಾರಲೂಬಹುದು. ಆದುದರಿಂದ ಬೆಲೆ ಅದರ ಗುರುತಲ್ಲ.

ಈ ವಿಚಾರಕ್ಕೆ ಚಳವಳಿಯ ರೂಪ ಕೊಟ್ಟವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. ಬಳಸುವವನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂಬುದು ಆ ಸಂಸ್ಥೆಯ ನಿಲುವು: ಯಾವ ಉದ್ದೇಶಕ್ಕಾದರೂ ಬಳಸುವುದು, ಒಳಗಿನ ರಚನೆಯನ್ನು ಅಭ್ಯಾಸಮಾಡಿ ಬೇಕಾದಂತೆ ತಿದ್ದಿಕೊಳ್ಳುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ತಿದ್ದಬೇಕಾದರೆ ತಂತ್ರಾಂಶವನ್ನು ರಚಿಸಿದವರು ಬರೆದ ಮೂಲಪಾಠ, ಅಂದರೆ ಆಕರ ಸಂಕೇತ, ಕೈಗೆ ಸಿಗಬೇಕು.

ಇದು ನಮಗೆ ತೀರ ಹೊಸತೇ? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ತಾವೆಲ್ಲ ಬಲ್ಲಿರಿ. ಓಲೆಗರಿಯ ಪ್ರತಿಕಾರರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತಿದ್ದುದೂ ಉಂಟು. ಹಂಚುವವರಿಂದ ಗ್ರಂಥ ಬಾಳಿತು. ತಿದ್ದುವವರಿಂದ ಪಾಠ ಶುದ್ಧವಾಯಿತು.

ಹಾಗಾದರೆ ನನ್ನಂಥ ಸಾಮಾನ್ಯನು ಸ್ವತಂತ್ರ ತಂತ್ರಾಂಶವನ್ನು ಗುರುತಿಸುವ ಬಗೆ ಹೇಗೆ? ಮಾರ್ಗ ಸುಲಭ. ತಂತ್ರಾಂಶದ ಸಹಾಯ ಪಟ್ಟಿಯಲ್ಲಿ 'ಬಗ್ಗೆ' ಅಥವಾ 'ಅಬೌಟ್' ಎಂಬುದನ್ನು ತೆರೆದು ಪರವಾನಗಿಯ ಹೆಸರನ್ನು ನೋಡಿ. ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್, ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ ಇಂಥ ಹೆಸರುಗಳಿದ್ದರೆ ಅದು ಸ್ವತಂತ್ರವಾದದ್ದು. ಕಡತ ಬರೆಯುವ ಲಿಬ್ರೆಆಫೀಸ್, ಅಂತರಜಾಲ ನೋಡಿಸುವ ಫೈರ್‌ಫಾಕ್ಸ್, ಹಾಡು ಚಿತ್ರಗಳನ್ನು ನುಡಿಸುವ ವಿಎಲ್‌ಸಿ, ಇವೆಲ್ಲ ಈ ಬಳಗದವು. ಬದಲಿಗೆ ಪ್ರತಿ ಮಾಡಕೂಡದು, ಬಿಚ್ಚಿ ನೋಡಕೂಡದು ಎಂಬ ನಿಷೇಧಗಳಿದ್ದರೆ, ಪುಕ್ಕಟೆಯಾದರೂ ಅದು ಪರಾಧೀನವೇ.

'ತಿದ್ದುವ ವಿದ್ಯೆಯೇ ನನಗಿಲ್ಲ. ಆ ಸ್ವಾತಂತ್ರ್ಯದಿಂದ ನನಗೇನು ಲಾಭ?' ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಉತ್ತರ ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಹಳೆಯ ಅಕ್ಷರಗಳನ್ನು ಇಂದಿನ ಯುನಿಕೋಡಿಗೆ ಪರಿವರ್ತಿಸುವ ಸ್ವತಂತ್ರ ತಂತ್ರಾಂಶವೊಂದನ್ನು ಆತ ತಂದ. ನನ್ನ ಕಡತದ ಅಕ್ಷರಗಳ ಪರಿಚಯ ಅದಕ್ಕಿರಲಿಲ್ಲ. "ಚಿಂತೆಯಿಲ್ಲ ಸಾರ್, ಇದರ ಆಕರ ಸಂಕೇತ ತೆರೆದೇ ಇದೆ, ಹಾಡು ಹೇಳಿ" ಎಂದ. ನನಗೆ ನೆನಪಿದ್ದ ಐದಾರು ಹಾಡುಗಳನ್ನು ಸಾಲುಸಾಲಾಗಿ ಹೇಳುತ್ತ ಹೋದೆ. ಯಾವ ರೋಮನ್ ಅಕ್ಷರ ಯಾವ ಕನ್ನಡ ಅಕ್ಷರವೆಂದು, ಒತ್ತು ಯಾವುದು, ಅರ್ಕಾವತ್ತು ಯಾವುದೆಂದು ಆತ ಒಂದೊಂದಾಗಿ ಹೊಂದಿಸಿ ತಂತ್ರಾಂಶಕ್ಕೆ ಸೇರಿಸಿದ. ನೆನಪಿದ್ದ ಐದಾರು ಹಾಡುಗಳು ಮರೆತ ನೂರಾರು ಹಾಡುಗಳಿಗೆ ಕೀಲಿಕೈಯಾದವು. ಮೂರನೆಯ ಸಂಜೆ, ನಾನು ಪೂರ್ತಿಯಾಗಿ ಮರೆತಿದ್ದ ತ್ರಿಪದಿಯೊಂದು ಪರದೆಯ ಮೇಲೆ ಮೂಡಿದಾಗ, ಪಕ್ಕದ ಕೋಣೆಯಿಂದ ತಾಯಿ ಹಾಡಿದಂತಾಯಿತು.

ಹುಡುಗ ಅಷ್ಟಕ್ಕೆ ನಿಲ್ಲಲಿಲ್ಲ. ತಿದ್ದಿದ ಪ್ರತಿಯನ್ನು ಎಲ್ಲರಿಗೂ ದೊರೆಯುವಂತೆ ಹಂಚಿದ. ನನ್ನಂತೆ ಕಳೆದುಕೊಂಡವರು ಇನ್ನೆಷ್ಟು ಮಂದಿಯೋ! ಸ್ವತಂತ್ರವೆಂದ ಮಾತ್ರಕ್ಕೆ ಎಲ್ಲ ತಂತ್ರಾಂಶವೂ ಸೊಗಸಾಗಿರುತ್ತದೆಂದಲ್ಲ; ಕೆಟ್ಟರೆ ಸರಿಪಡಿಸಲು ಬಾಗಿಲು ತೆರೆದಿರುತ್ತದೆ, ಅಷ್ಟೇ. ಇನ್ನು ಮುಂದೆ ಯಾರಾದರೂ ತಂತ್ರಾಂಶ ಕೊಟ್ಟರೆ, ಎಷ್ಟು ಬೆಲೆ ಎಂದು ಕೇಳುವ ಮೊದಲು, ನಾಳೆ ನೀವಿಲ್ಲದಾಗ ಇದನ್ನು ಬೇರೊಬ್ಬರು ಸರಿಪಡಿಸಬಹುದೇ ಎಂದು ಕೇಳಿ. ನಾನು 2001ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು.