ರಾಶಿಯ ಧೂಳು, ಹರೆಯದ ಉಸಿರು



ಪರಿಸರದ ವೇದಿಕೆಗಳಲ್ಲಿ ಗಾಳಿಯ ಮಾತು ಬಂದಾಗ ಗಣಿಯ ಧೂಳು, ಕಾರ್ಖಾನೆಯ ಹೊಗೆಗಳೇ ಮುಂದೆ ಬರುತ್ತವೆ. ನವಲಗುಂದ, ಅಣ್ಣಿಗೇರಿಯ ಎರೆನಾಡಿನಲ್ಲಿ ಹದಿನಾಲ್ಕು ಹದಿನೈದರ ಮಕ್ಕಳು ಇರುಳೆಲ್ಲ ಗೋಡೆಗೊರಗಿ ಕುಳಿತು ಉಸಿರಿಗಾಗಿ ಹೆಣಗುವುದು ಆ ಮಾತಿನೊಳಗೆ ಬರುವುದೇ ಇಲ್ಲ. ಊರಿನವರು ಅದನ್ನು ದಮ್ಮು ಎನ್ನುತ್ತಾರೆ. ವೈದ್ಯರು ಅಸ್ತಮಾ ಎನ್ನುತ್ತಾರೆ.

ಉಸಿರುನಾಳಗಳ ಒಳಪದರದ ಉರಿಯೂತವೇ ಈ ಕಾಯಿಲೆಯ ಮೂಲ. ಅದನ್ನು ಕೆರಳಿಸುವ ವಸ್ತುಗಳು ಮಾತ್ರ ಊರೂರಿಗೆ ಬೇರೆ. ಎರೆಹೊಲಗಳಲ್ಲಿ ಕಡಲೆ, ಜೋಳದ ರಾಶಿ ನಡೆಯುವಾಗ ಯಂತ್ರವು ಹೊಟ್ಟಿನ ಧೂಳನ್ನು ಊರ ಮೇಲೆ ಚೆಲ್ಲುತ್ತದೆ. ಕುಂದಗೋಳದ ಕಡೆ ಒಣಮೆಣಸಿನಕಾಯಿಯ ಘಾಟು. ಮಲೆನಾಡಿನ ಸೆರಗಾದ ಕಲಘಟಗಿಯಲ್ಲಿ ಮಳೆಗಾಲದ ತೇವಕ್ಕೆ ಗೋಡೆ ಹಿಡಿದ ಬೂಷ್ಟು. 1950ರ ದಶಕದಲ್ಲಿ ದೇಶದಲ್ಲಿ ಗಮನಕ್ಕೆ ಬಂದ ಕಾಂಗ್ರೆಸ್ ಕಸದ ಪರಾಗವಂತೂ ಎಲ್ಲೆಡೆಯದು. ಉಜ್ವಲಾ ಯೋಜನೆ 2016ರಲ್ಲಿ ಬಂದರೂ ರೊಟ್ಟಿಯ ಒಲೆಗೆ ಹತ್ತಿಕಟ್ಟಿಗೆ, ಕುಳ್ಳುಗಳೇ ಬೀಳುವ ಮನೆಗಳಿವೆ; ಆ ಒಲೆಯ ಮುಂದೆ ಕೂಡ್ರುವವಳು ಬಹುಪಾಲು ಮನೆಯ ಹೆಣ್ಣುಮಗಳು.

ಕಾಯಿಲೆಯನ್ನು ಎದೆಯ ಸದ್ದಿನಿಂದಷ್ಟೇ ಅಳೆಯಲಾಗದೆಂದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಎಲಿಜಬೆತ್ ಜುನಿಪರ್ ಮತ್ತು ಸಂಗಡಿಗರು 1996ರಲ್ಲಿ 23 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಏಳರಿಂದ ಹದಿನೇಳು ವರ್ಷದವರಿಗಾಗಿ ಮಾಡಿದ ಆ ಪಟ್ಟಿ ಕೆಮ್ಮು, ನಿದ್ದೆಗಳ ಜೊತೆಗೆ ಓರಗೆಯವರ ಸಮ ನಿಲ್ಲಲಾಗದ ಬೇಸರವನ್ನೂ, ಹೊರಗುಳಿದ ಭಾವವನ್ನೂ ಕೇಳುತ್ತದೆ. ಒಳ್ಳೆಯ ಪಟ್ಟಿ. ಆದರೆ ಕಬಡ್ಡಿಯಿಂದ ಹೊರಗೆ ಕೂತ ಹುಡುಗನ ಸಂಕಟ ಅದರಲ್ಲಿ ಸಿಕ್ಕೀತೇ ಹೊರತು, ಔಷಧದ ಪಂಪನ್ನು ಸೀರೆಯ ಮಡಿಕೆಗಳ ನಡುವೆ ಬಚ್ಚಿಡುವ ತಾಯಿಯ ಅಂಜಿಕೆ ಸಿಕ್ಕದು. ನಾಳೆ ಬೀಗರಿಗೆ ತಿಳಿದರೆ? ಹೀಗೆ ಬಚ್ಚಿಟ್ಟ ಪಂಪು ಶಾಲೆಯ ಚೀಲಕ್ಕೆ ಬರುವುದಿಲ್ಲ. ಉಬ್ಬಸ ಕೆರಳುವುದು ಅನೇಕ ಸಲ ಶಾಲೆಯಲ್ಲೇ.

ಪಂಪಿನಿಂದ ಚಟ ಹತ್ತುತ್ತದೆಂಬ ನಂಬಿಕೆಯೂ ಗಟ್ಟಿಯಾಗಿದೆ. ಅದು ತಪ್ಪು. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಮೀನಿನ ಔಷಧಕ್ಕೆ ಹೋಗಿಬರುವ ಜನರನ್ನು ಹಳಿಯುವುದು ಸುಲಭ. ಹತ್ತಿರದಲ್ಲಿ ನಿಶ್ಚಿತ ಚಿಕಿತ್ಸೆ ಕಾಣದವನು ದೂರದ ಭರವಸೆಗೆ ಹೋಗುತ್ತಾನೆ. ಆ ಮೀನಿಗೆ ವೈಜ್ಞಾನಿಕ ಆಧಾರವಿಲ್ಲವೆಂಬುದನ್ನೂ ಹೇಳಲೇಬೇಕು. ಉಸಿರುನಾಳವನ್ನು ತಕ್ಷಣ ಸಡಿಲಿಸುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚಬಾರದು, ಹನ್ನೆರಡು ದಾಟಿದವರೆಲ್ಲರಿಗೂ ಉರಿಯೂತ ತಗ್ಗಿಸುವ, ಸೇದುವ ಸ್ಟೀರಾಯ್ಡ್ ಔಷಧವೂ ಇರಬೇಕೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಲ್ಲಿ ಬದಲಾಯಿತು. ತಾಲೂಕಿನ ಆರೋಗ್ಯ ಕೇಂದ್ರಗಳಲ್ಲಿ ಕೇಳಬೇಕಾದದ್ದು ಆ ಎರಡನೆಯ ಔಷಧವನ್ನು.

ಪಂಪಿನ ಔಷಧ ಗಂಟಲಲ್ಲೇ ಉಳಿಯದೆ ಎದೆಗೆ ಇಳಿಯಲು ನಡುವೆ ಒಂದು ಕೊಳವೆ ಬೇಕು. ಅಂಗಡಿಯ ಕೊಳವೆ ದುಬಾರಿಯೆನಿಸಿದರೆ, ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ತೂತು ಮಾಡಿ, ಸಂದು ಮುಚ್ಚಿದರೂ ಕೆಲಸ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ 1999ರಲ್ಲೇ ಇದನ್ನು ತೋರಿಸಿದ್ದಾರೆ. ಪ್ರತಿ ಪ್ರೌಢಶಾಲೆಯ ಕಪಾಟಿನಲ್ಲಿ ಅಂಥದೊಂದು ಬಾಟಲಿ, ಒಂದು ಪಂಪು, ಅದನ್ನು ಬಳಸಬಲ್ಲ ಒಬ್ಬ ಶಿಕ್ಷಕರು ಇರಬೇಕು. ಶಾಲೆಯ ಪಕ್ಕದಲ್ಲಿ ರಾಶಿ ಯಂತ್ರ ಹೂಡದಂತೆ ಗ್ರಾಮಸಭೆಯೇ ನಿರ್ಣಯ ಮಾಡಲಿ, ಅದೂ ಸುಗ್ಗಿಗೆ ಮೊದಲು. ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆಗೆ ಓದುವ ದಿನಗಳೂ ಅವೇ.