ತೂಕ ಎತ್ತಿದವರೇ ಇಳಿಸಬೇಕು

(ನಮ್ಮ ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)



"ನೀನು ಜಿಮ್ಮಿಗೆ ಹೋಗ್ತೀಯಲ್ಲಪ್ಪ, ಆರೋಗ್ಯದ ಬಗ್ಗೆ ನಾಲ್ಕು ಮಾತಾಡು" ಅಂತ ಕಾರ್ಯದರ್ಶಿಗಳು ಹೇಳಿದರು. ನಾನು ದಾವಣಗೆರೆ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು. ಪ್ರೋಟೀನ್ ಎಷ್ಟು ತಿನ್ನಬೇಕು, ಶುಗರ್ ಇದ್ದೋರು ಎಷ್ಟು ನಡೀಬೇಕು ಅನ್ನೋದನ್ನ ಡಾಕ್ಟರ್ ಹೇಳಲಿ. ಜಿಮ್ಮಿನ ಒಳಗೆ ನಾವು ಒಬ್ಬರ ಜೊತೆ ಒಬ್ಬರು ಹೇಗೆ ನಡ್ಕೋತೀವಿ ಅನ್ನೋದಷ್ಟೇ ನನ್ನ ವಿಷಯ. ನಗಬೇಡಿ. ಈ ವಿಷಯದಲ್ಲಿ ನಮ್ಮವನೊಬ್ಬನ ಆರು ವಾರದ ದುಡಿಮೆ ಹೋಗಿದೆ. ನಮ್ಮ ಅಕ್ಕ ಒಬ್ಬರು ನಿದ್ದೆ ಬಿಟ್ಟು ಹೊತ್ತಲ್ಲದ ಹೊತ್ತಲ್ಲಿ ಜಿಮ್ಮಿಗೆ ಹೋಗೋ ಹಾಗಾಗಿದೆ. ಎರಡನ್ನೂ ಹೇಳ್ತೀನಿ.

ಮೊದಲು ನಮ್ಮ ದಿನ ಹೇಗಿರುತ್ತೆ ನೋಡಿ. ಡಿಸೆಂಬರಿನಲ್ಲಿ ಲಂಡನ್ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗ್ತಾನೆ. ಸೈಟಿನಿಂದ ಹೊರಗೆ ಬಂದಾಗ ಕತ್ತಲೆ, ಬೆಳಿಗ್ಗೆ ಹೊರಟಾಗಲೂ ಕತ್ತಲೆ. ರೂಮಿಗೆ ಹೋದರೆ ಒಂದು ರೂಮಿಗೆ ಇಬ್ಬರು, ಅಡುಗೆಮನೆಗೆ ಆರು ಜನ. ಹೌನ್ಸ್ಲೋದಲ್ಲಿರಲಿ, ಈಸ್ಟ್ ಹ್ಯಾಮಿನಲ್ಲಿರಲಿ, ಕಥೆ ಒಂದೇ. ತಿಂಗಳಿಗೆ ಇಷ್ಟು ಅಂತ ಕಟ್ಟಿ, ಬಾಗಿಲಲ್ಲಿ ಪಿನ್ ಒತ್ತಿ ಒಳಗೆ ಹೋಗೋ ಜಿಮ್ಮು ನಮ್ಮಂಥೋರಿಗೆ ಬೆಚ್ಚಗಿರೋ ಒಂದು ಜಾಗ. ಬಿಸಿನೀರಿನ ಸ್ನಾನಕ್ಕೆ ಯಾರೂ ಬಾಗಿಲು ಬಡಿಯಲ್ಲ. ಪ್ರಯಾಣ, ಅಡುಗೆ, ಊರಿಗೆ ಫೋನು ಎಲ್ಲಾ ಕಳೆದರೆ ನನಗೆ ಅಲ್ಲಿ ಸಿಗೋದು ನಲವತ್ತೈದು ನಿಮಿಷ. ಆ ಹೊತ್ತಿನಲ್ಲಿ ಒಬ್ಬ ಮಹಾನುಭಾವ ಬೆಂಚಿನ ಮೇಲೆ ಕೂತು ಹದಿನೈದು ನಿಮಿಷ ರೀಲ್ಸ್ ನೋಡಿದ ಅಂದ್ರೆ ನನ್ನ ಪಾಲಿನ ಮೂರರಲ್ಲಿ ಒಂದು ಭಾಗ ಅವನೇ ತಿಂದ ಹಾಗೆ.

ನಾನು ಬೆಳೆದ ಊರಲ್ಲಿ ಗರಡಿ ಮನೆಗಳಿವೆ. ದುಗ್ಗಮ್ಮನ ಜಾತ್ರೆ ಬಂದ್ರೆ ಕುಸ್ತಿ ನೋಡೋಕೆ ಊರೇ ಸೇರುತ್ತೆ. ನಾನೇನು ಪೈಲ್ವಾನ ಅಲ್ಲ, ಹುಡುಗನಾಗಿದ್ದಾಗ ಒಂದೆರಡು ವರ್ಷ ಸಾಮು ಮಾಡೋಕೆ ಹೋಗಿದ್ದೆ ಅಷ್ಟೆ. ಅಲ್ಲಿ ಗೋಡೆ ಮೇಲೆ ಒಂದು ಬೋರ್ಡೂ ಇರಲಿಲ್ಲ. ಆದರೂ ಚಪ್ಪಲಿ ಹೊರಗೆ ಬಿಡಬೇಕು, ಹನುಮಪ್ಪನಿಗೆ ಕೈ ಮುಗೀಬೇಕು, ಮಣ್ಣು ಮುಟ್ಟಿ ಹಣೆಗೆ ಹಚ್ಕೋಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ಕೆಲಸ ಗದೆ ತಿರುಗಿಸೋದಲ್ಲ, ಅಖಾಡದ ಮಣ್ಣು ಅಗೆದು ಹದ ಮಾಡೋದು. ಇನ್ನೊಬ್ಬ ಬೀಳೋ ಜಾಗವನ್ನ ಮೆತ್ತಗೆ ಮಾಡಿ ಕೊಟ್ಟ ಮೇಲೆ ನಿನ್ನ ಸರದಿ. ಗದೆ ತಗೊಂಡವನು ತಗೊಂಡ ಜಾಗದಲ್ಲೇ ನಿಲ್ಲಿಸ್ತಿದ್ದ. ಯಾಕಂದ್ರೆ ಮೂಲೆಯಲ್ಲಿ ಉಸ್ತಾದರು ಕೂತಿರ್ತಿದ್ದರು. ಅವರು ಬೈಯೋದೇ ಬೇಕಿರಲಿಲ್ಲ, ಒಂದು ಸಲ ಕೆಮ್ಮಿದರೆ ಸಾಕಿತ್ತು.

ಗರಡಿಯನ್ನ ಹೊಗಳಿ ಇಲ್ಲಿಯ ಜಿಮ್ಮನ್ನ ಬೈಯೋಕೆ ನಾನು ನಿಂತಿಲ್ಲ. ಜಿಮ್ಮಿಗೂ ನಮಗೂ ಹಳೇ ನಂಟಿದೆ. ಇದೇ ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟಿನಲ್ಲಿ 1897ರಲ್ಲಿ ಯೂಜೆನ್ ಸ್ಯಾಂಡೋ ಅನ್ನೋ ಬಲಶಾಲಿ ವ್ಯಾಯಾಮ ಶಾಲೆ ತೆಗೆದ. 1901ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ದೇಹದಾರ್ಢ್ಯ ಸ್ಪರ್ಧೆ ನಡೆಸಿದಾಗ ತೀರ್ಪುಗಾರರಲ್ಲಿ ಒಬ್ಬರು ಷರ್ಲಾಕ್ ಹೋಮ್ಸ್ ಕಥೆ ಬರೆದ ಕಾನನ್ ಡಾಯ್ಲ್. ಆಮೇಲೆ ಅವನು ಇಂಡಿಯಾಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ. ನಮ್ಮ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 'ಶಾಂತಲಾ' ಕಾದಂಬರಿ ಬರೆದ ಅಯ್ಯರ್ ಅವರೇ. ಬರೆಯೋ ಕೈಯೇ ಬಾರ್‌ಬೆಲ್ಲನ್ನೂ ಎತ್ತುತ್ತಿತ್ತು. ದೂರದವರಿಗೆ ಅವರು ಅಂಚೆಯಲ್ಲೂ ವ್ಯಾಯಾಮದ ಪಾಠ ಕಳಿಸ್ತಿದ್ದರು. ಅಂಚೆಯಲ್ಲಿ ಕಲಿತ ಶಿಷ್ಯನಿಗೂ ಆ ಕಡೆ ತುದಿಯಲ್ಲಿ ಒಬ್ಬ ಗುರು ಇದ್ದರು ಅನ್ನೋದನ್ನ ಗಮನಿಸಿ. ನಾನು ಹೋಗೋ ಜಿಮ್ಮಿನಲ್ಲಿ ರಾತ್ರಿ ಒಂಬತ್ತರ ಮೇಲೆ ಕ್ಯಾಮೆರಾ ಇರುತ್ತೆ, ಸ್ಟಿಕ್ಕರ್ ಇರುತ್ತೆ, ಕೆಮ್ಮೋಕೆ ಯಾರೂ ಇರಲ್ಲ. "ತೂಕಗಳನ್ನು ವಾಪಸ್ ಇಡಿ" ಅಂತ ಬರೆದ ಸ್ಟಿಕ್ಕರಿನ ಕೆಳಗೇ ಡಂಬೆಲ್ಲುಗಳು ಸಂತೆಯಲ್ಲಿ ಕುಂಬಳಕಾಯಿ ಬಿದ್ದ ಹಾಗೆ ಬಿದ್ದಿರ್ತವೆ.

ಈಗ ಆ ಆರು ವಾರದ ವಿಷಯ. ನಮ್ಮ ಹುಡುಗ, ಪ್ಲಾಸ್ಟರ್‌ಬೋರ್ಡ್ ಹಾಕೋ ಕೆಲಸದವನು, ಹೋದ ಚಳಿಗಾಲದಲ್ಲಿ ಜಿಮ್ಮಿಗೆ ಹೋಗಿದ್ದ. ಅವನಿಗಿಂತ ಮುಂಚೆ ಯಾರೋ ಬಾರಿಗೆ ಎರಡೂ ಕಡೆ ಪ್ಲೇಟು ಹಾಕಿ ಎತ್ತಿದ್ದಾರೆ. ಮುಗಿದ ಮೇಲೆ ಒಂದು ಕಡೆದು ಪೂರ್ತಿ ತೆಗೆದು, ಇನ್ನೊಂದು ಕಡೆದು ಹಾಗೇ ಬಿಟ್ಟು ಹೋಗಿದ್ದಾರೆ. ಕ್ಲಿಪ್ಪೂ ಹಾಕಿಲ್ಲ. ಸ್ಟ್ಯಾಂಡಿನ ಮೇಲೆ ಬಾರು ಹೇಗೋ ಕೂತಿದೆ. ಇವನು ಬಂದು ತೂಕ ಇದ್ದ ಕಡೆ ಸುಮ್ಮನೆ ಕೈ ಊರಿದ. ತಕ್ಕಡಿ ತಿರುಗಿದ ಹಾಗೆ ಬಾರು ಎದ್ದಿತು, ಪ್ಲೇಟು ಜಾರಿ ಕಾಲ ಮೇಲೆ ಬಿತ್ತು. ಎರಡು ಬೆರಳು ಮುರಿದವು. ಇಡೀ ದಿನ ಸೈಟಿನಲ್ಲಿ ಸ್ಟೀಲ್ ಟೋ ಬೂಟು ಹಾಕಿರ್ತಾನೆ, ಏನೂ ಆಗಿರಲಿಲ್ಲ. ಜಿಮ್ಮಿಗೆ ಕ್ಯಾನ್ವಾಸ್ ಶೂ ಹಾಕಿ ಹೋದಾಗ ಆಯ್ತು.

ಅವನು ಸ್ವಂತ ಲೆಕ್ಕದಲ್ಲಿ, ಸಿಐಎಸ್ ಮೇಲೆ ಕೆಲಸ ಮಾಡೋನು. ಸಿಐಎಸ್ ಅಂದ್ರೆ ಏನು ಅಂತ ಇಲ್ಲಿ ಕೂತ ಅರ್ಧ ಜನಕ್ಕೆ ಗೊತ್ತು, ನೂರು ಪೌಂಡ್ ಕೂಲಿಯಲ್ಲಿ ಇಪ್ಪತ್ತು ಮೊದಲೇ ತೆರಿಗೆಗೆ ಕಟ್ ಆಗುತ್ತೆ. ಹಾಗೆ ಸ್ವಂತ ಲೆಕ್ಕದಲ್ಲಿ ದುಡಿಯೋರಿಗೆ ಕಾನೂನಿನ ಸಿಕ್ ಪೇ ಇಲ್ಲ. ಆರು ವಾರ ಬೂಟಿನಲ್ಲಿ ಕಾಲು ತೂರಲಿಲ್ಲ, ಬೂಟಿಲ್ಲದೆ ಸೈಟಿಗೆ ಬಿಡಲ್ಲ, ಸೈಟಿಲ್ಲದೆ ಕಾಸಿಲ್ಲ. ರೂಮಿನ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಊರಿಗೆ ಕಳಿಸೋದು ಎರಡು ತಿಂಗಳು ನಿಂತಿತು. ಅವರವ್ವನಿಗೆ "ಕಂಪ್ನೀಲಿ ಪೇಮೆಂಟ್ ಲೇಟು" ಅಂತ ಹೇಳಿದ್ದ. ಆ ಪ್ಲೇಟು ಬಿಟ್ಟು ಹೋದ ಮನುಷ್ಯ ಯಾರೋ ಗೊತ್ತಿಲ್ಲ, ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಕೆಟ್ಟವನೂ ಇರಲಿಕ್ಕಿಲ್ಲ, ಬಸ್ಸು ಹಿಡಿಯೋ ಅವಸರದಲ್ಲಿ ಇದ್ದಿರಬಹುದು.

ಹಾಗಾಗಿ ಎಲೆಕ್ಟ್ರಿಷಿಯನ್ ಮಾತು ಒಂದು ಕೇಳಿ. ಮೂರು ಫೇಸಿಗೂ ಲೋಡ್ ಸಮ ಹಂಚಬೇಕು ಅಂತ ಐಟಿಐನಲ್ಲಿ ಹೇಳಿಕೊಟ್ಟಿದ್ದರು. ಬಾರಿಗೆ ಇರೋದು ಎರಡೇ ಕಡೆ. ಈ ಕಡೆದು ಒಂದು, ಆ ಕಡೆದು ಒಂದು, ಹೀಗೆ ಸುತ್ತಿ ಸುತ್ತಿ ತೆಗೀರಿ. ಬರೀ ಬಾರೇ ಸಾಮಾನ್ಯವಾಗಿ ಇಪ್ಪತ್ತು ಕೆಜಿ ಇರುತ್ತೆ, ಆಟದ ಸಾಮಾನಲ್ಲ. ಮುಂದಿನವರು ನಿಮ್ಮಷ್ಟು ಗಟ್ಟಿ ಇರಲೇಬೇಕು ಅಂತೇನಿಲ್ಲ. ಅರವತ್ತು ವರ್ಷದ ಅಜ್ಜಿ ಬರ್ತಾರೆ ನಮ್ಮ ಜಿಮ್ಮಿಗೆ, ಇಪ್ಪತ್ತು ಕೆಜಿ ಪ್ಲೇಟು ಇಳಿಸೋಕೆ ಅವರು ಯಾರನ್ನ ಕರೀಬೇಕು?

ಟವೆಲಿನ ವಿಷಯವೂ ನನ್ನ ಕಸುಬಿಗೆ ಹತ್ತಿರದ್ದೇ. ನಾವು ಸರ್ಕ್ಯೂಟ್ ಆಫ್ ಮಾಡಿ ಕೆಲಸ ಮಾಡುವಾಗ ಐಸೊಲೇಟರಿಗೆ ಬೀಗ ಹಾಕ್ತೀವಿ, ಹೆಸರಿನ ಚೀಟಿ ನೇತು ಹಾಕ್ತೀವಿ. ನಾವು ಕೆಲಸ ಮಾಡ್ತಿರುವಾಗ ಲೈನ್ ಮತ್ತೆ ಲೈವ್ ಆಗದ ಹಾಗೆ ನೋಡ್ಕೋಬೇಕು ಅಂತ 1989ರ ಎಲೆಕ್ಟ್ರಿಸಿಟಿ ಅಟ್ ವರ್ಕ್ ನಿಯಮವೇ ಇದೆ ಈ ದೇಶದಲ್ಲಿ. ಆ ಬೀಗವನ್ನ ಹಾಕಿದವನ ಬಿಟ್ಟು ಬೇರೆ ಯಾರೂ ಮುಟ್ಟಲ್ಲ. ಯಾಕಂದ್ರೆ ಆ ಬೀಗದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ತಂತಿ ಹಿಡ್ಕೊಂಡು ನಿಂತಿರ್ತಾನೆ. ಜಿಮ್ಮಿನಲ್ಲಿ ಬೆಂಚಿಗೊಂದು ಟವೆಲ್, ಕೇಬಲ್ ಮೆಷಿನಿಗೊಂದು ನೀರಿನ ಬಾಟಲಿ, ಅಲ್ಲೊಂದು ಜೊತೆ ಡಂಬೆಲ್ ಇಟ್ಟು ಸ್ವಾಮಿಗಳು ಟ್ರೆಡ್‌ಮಿಲ್ ಮೇಲೆ ನಡೀತಿರ್ತಾರೆ. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯೋ ಅಭ್ಯಾಸ ನಮಗೆ ಹೊಸದಲ್ಲ. ಆದ್ರೆ ಬಸ್ಸಿನಲ್ಲೂ ಒಬ್ಬರಿಗೆ ಒಂದೇ ಸೀಟು ತಾನೆ? ಮನುಷ್ಯ ಇಲ್ಲದ ಬೀಗಕ್ಕೆ ಮರ್ಯಾದೆ ಕೊಡೋ ಅಗತ್ಯ ಇಲ್ಲ ಅಂತ ನನ್ನ ಲೆಕ್ಕ. ಸುತ್ತ ಒಂದು ಸಲ ನೋಡಿ, "ಈಸ್ ಎನಿವನ್ ಯೂಸಿಂಗ್ ದಿಸ್?" ಅಂತ ಜೋರಾಗಿ ಕೇಳಿ, ಯಾರೂ ಬರದಿದ್ರೆ ಟವೆಲನ್ನ ಪಕ್ಕಕ್ಕೆ ಇಟ್ಟು ಕೂತ್ಕೊಳ್ಳಿ.

ಇನ್ನು ಚಿಲ್ಲರೆ ಕಿರಿಕಿರಿಗಳು ಬೇಕಾದಷ್ಟಿವೆ. ಹತ್ತು ಕೆಜಿ ಎತ್ತೋಕೆ ಹತ್ತು ಮನೆಗೆ ಕೇಳೋ ಹಾಗೆ ಕೂಗೋರು. ನಮ್ಮೂರ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಮೂಟೆ ಹೊರೋ ಹಮಾಲರು ಅಷ್ಟು ಕೂಗಿದ್ದು ನಾನು ಕೇಳಿಲ್ಲ. ಫೋನ್ ಚಾರ್ಜರಿನ ವೈರನ್ನ ನಡೆಯೋ ದಾರಿಗೆ ಅಡ್ಡ ಎಳೆಯೋರು. ಎಲೆಕ್ಟ್ರಿಷಿಯನ್ ಕಣ್ಣಿಗೆ ಅದು ಬಿದ್ರೆ ಸುಮ್ಮನಿರೋಕಾಗಲ್ಲ, ನಾನಂತೂ ಕಿತ್ತು ಗೋಡೆ ಪಕ್ಕ ಸುತ್ತಿಡ್ತೀನಿ. ಸೈಟಿನ ಬೂಟಿನಲ್ಲೇ ಬಂದು ಸಿಮೆಂಟ್ ಧೂಳು ಉದುರಿಸೋರು. ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಬೆಂಚಿನ ಮೇಲೆ ಮಲಗಿ, ಎದ್ದು ಹೋದ ಮೇಲೆ ತಲೆಯ ಅಚ್ಚು ಬಿಟ್ಟು ಹೋಗೋರು, ಇವರು ನಮ್ಮ ಕಡೆಯವರೇ ಅಂತ ಬೇರೆ ಹೇಳಬೇಕಿಲ್ಲ. ಗೋಡೆ ಮೇಲೆ ಪೇಪರ್ ರೋಲು, ಸ್ಪ್ರೇ ಬಾಟಲಿ ಇಟ್ಟಿರ್ತಾರೆ, ಎರಡು ಸಲ ಒರೆಸಿದ್ರೆ ಮುಗೀತು.

ನಮ್ಮವರ ವಿಷಯ ಬಂತಲ್ಲ, ಇನ್ನೊಂದು. ನಾವು ಒಬ್ಬೊಬ್ಬರೇ ಹೋದಾಗ ಬೆಕ್ಕಿನ ಹಾಗಿರ್ತೀವಿ, ನಾಲ್ಕು ಜನ ಸೇರಿದ್ರೆ ಜಾತ್ರೆ. ಒಂದು ಬೆಂಚಿಗೆ ನಾಲ್ವರು, ಒಬ್ಬ ಎತ್ತೋನು, ಮೂವರು "ಹಾಕು ಮಗಾ, ಹಾಕು" ಅನ್ನೋರು, ನಡುವೆ ಊರಿಂದ ಬಂದ ವಿಡಿಯೋ ಕಾಲು ಸ್ಪೀಕರಿನಲ್ಲಿ. ಮನೆ ಸಾಲದ ಲೆಕ್ಕ ಇಡೀ ಜಿಮ್ಮಿಗೇ ಕೇಳುತ್ತೆ. ಕನ್ನಡ ಯಾರಿಗೆ ಅರ್ಥ ಆಗುತ್ತೆ ಅನ್ಕೋಬೇಡಿ, ಮೂಲೆಯಲ್ಲಿ ನಾನಿರ್ತೀನಿ. ಒಟ್ಟಿಗೆ ಹೋಗೋದು ಒಳ್ಳೇದೇ, ಭಾರ ಎತ್ತುವಾಗ ಹಿಂದೆ ಹಿಡಿಯೋಕೆ ಒಬ್ಬ ಬೇಕೇ ಬೇಕು. ಇಬ್ಬರಾಗಿ ಹಂಚಿಕೊಂಡ್ರೆ ಎರಡು ಬೆಂಚಿನಲ್ಲಿ ಕೆಲಸ ಬೇಗ ಆಗುತ್ತೆ, ಕಾಯೋರಿಗೂ ಸಿಗುತ್ತೆ.

ಈಗ ಆ ಅಕ್ಕನ ವಿಷಯ. ಅವರ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ. ಕೇರ್ ಹೋಮಿನಲ್ಲಿ ಕೆಲಸ. ವಯಸ್ಸಾದವರನ್ನ ಎಬ್ಬಿಸಿ, ಕೂರಿಸಿ ಸೊಂಟ ಹಿಡಿದಿತ್ತು, ಬೆನ್ನಿಗೆ ಬಲ ಬರಲಿ ಅಂತ ಜಿಮ್ಮು ಸೇರಿದರು. ಸಂಜೆ ಹೋದ್ರೆ ದಿನಾ ಯಾರಾದರೊಬ್ಬರು ಬಂದು "ಸಿಸ್ಟರ್, ಮೊಣಕಾಲು ಹೀಗಿಡಿ" ಅಂತ ಪಾಠ ಶುರು. ಒಬ್ಬರಂತೂ ಕನ್ನಡಿಯಲ್ಲಿ ದಿಟ್ಟಿಸ್ತಾನೇ ಇದ್ದರಂತೆ. ಅವರು ಜಗಳ ಆಡಲಿಲ್ಲ, ದೂರು ಕೊಡಲಿಲ್ಲ, ಹೊತ್ತು ಬದಲಾಯಿಸಿದರು. ನೈಟ್ ಶಿಫ್ಟ್ ಇಲ್ಲದ ದಿನವೂ ಅಲಾರಂ ಇಟ್ಟು ಬೆಳಗಿನ ಜಾವ ಐದಕ್ಕೆ ಹೋಗ್ತಾರೆ. "ಆಗ ಯಾರೂ ಇರಲ್ಲ ಕಣಪ್ಪ, ನೆಮ್ಮದಿ" ಅಂದರು. ಅವರೂ ನಾನು ಕಟ್ಟೋಷ್ಟೇ ದುಡ್ಡು ಕಟ್ಟೋದು. ಟ್ಯೂಬಿನಲ್ಲಿ ಪೋಸ್ಟರ್ ನೋಡಿರಬಹುದು, ಕೆಟ್ಟ ನೋಟದಲ್ಲಿ ದಿಟ್ಟಿಸೋದು ಲೈಂಗಿಕ ಕಿರುಕುಳ, ಅದನ್ನ ಸಹಿಸಲ್ಲ ಅಂತ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ದೊಡ್ಡ ಅಕ್ಷರದಲ್ಲಿ ಹಾಕಿಸಿತ್ತು. ರೈಲಿನಲ್ಲಿ ತಪ್ಪಾದದ್ದು ಜಿಮ್ಮಿನಲ್ಲಿ ಸರಿ ಆಗಲ್ಲ. ನಾನು ಆಗಲೇ ಗರಡಿಯನ್ನ ಹೊಗಳಿದೆ, ಆದ್ರೆ ನಾನು ಹೋಗ್ತಿದ್ದ ಗರಡಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ. ಆ ಭಾಗವನ್ನ ಲಂಡನ್ನಿಗೆ ತರೋದು ಬೇಡ. ಸಲಹೆ ಕೇಳಿದ್ರೆ ಕೊಡಿ, ಕೇಳದಿದ್ರೆ ನಿಮ್ಮ ಸೆಟ್ಟು ನೀವು ಮುಗಿಸಿ. ಎದುರಿನವರ ಮೇಲೆ ತೂಕ ಬೀಳೋ ಹಾಗಿದ್ರೆ ಮಾತ್ರ ಕೂಗಿ.

ಕೊನೆಗೆ, ಕೇಳೋದು ಹೇಗೆ ಅನ್ನೋದು. ನಮ್ಮಲ್ಲಿ ಬಹಳ ಜನ ಇಂಗ್ಲಿಷಿಗೆ ಹೆದರಿ, ವೀಸಾಕ್ಕೆ ತೊಂದರೆ ಆದೀತು ಅಂತ ಹೆದರಿ, ಇಪ್ಪತ್ತು ನಿಮಿಷ ಗೋಡೆಗೆ ಒರಗಿ ನಿಂತು ವಾಪಸ್ ಬಂದದ್ದನ್ನ ನಾನು ನೋಡಿದ್ದೀನಿ. ಬೆಂಚು ಕೇಳಿದ್ದಕ್ಕೆ ಯಾರ ವೀಸಾನೂ ಹೋಗಲ್ಲ. ಇಲ್ಲಿಯವರು ಬಳಸೋ ಮಾತು ಇಷ್ಟೇ: "ಹೌ ಮೆನಿ ಸೆಟ್ಸ್ ಹ್ಯಾವ್ ಯು ಗಾಟ್ ಲೆಫ್ಟ್?" ಅಂದ್ರೆ ಇನ್ನೆಷ್ಟು ಸಲ ಇದೆ ಅಂತ. ಅದನ್ನ ಯಾರೂ ಜಗಳ ಅನ್ಕೊಳ್ಳಲ್ಲ. ಎರಡು ಅಂದ್ರೆ ಕಾಯಿರಿ, ಎಂಟು ಅಂದ್ರೆ "ಮೈಂಡ್ ಇಫ್ ಐ ವರ್ಕ್ ಇನ್?" ಅಂತ ಕೇಳಿ, ಅವರು ಸುಧಾರಿಸಿಕೊಳ್ಳುವಾಗ ನೀವು ಮಾಡಬಹುದು. ಮುಂದೆ ಒಂದು "ಸಾರಿ ಮೇಟ್" ಸೇರಿಸಿದ್ರೆ ಇನ್ನೂ ಮೆತ್ತಗಾಗುತ್ತೆ. ತಪ್ಪಿಲ್ಲದಿದ್ರೂ ಸಾರಿ ಹೇಳೋ ದೇಶ ಇದು, ನಮಗೇನೂ ಖರ್ಚಿಲ್ಲ. ಅದಕ್ಕೂ ಬಗ್ಗದಿದ್ರೆ, ಅಥವಾ ಅಕ್ಕನಿಗೆ ಆದ ಥರ ಏನಾದ್ರೂ ಆದ್ರೆ, ಹೊತ್ತು, ತಾರೀಕು ಬರೆದಿಟ್ಟು ಜಿಮ್ಮಿನವರಿಗೆ ಇಮೇಲ್ ಹಾಕಿ, ಕ್ಯಾಮೆರಾ ಇರೋದು ಅದಕ್ಕೇ. ಇಮೇಲ್ ಬರೆಯೋಕೆ ಬರಲ್ಲ ಅನ್ನೋರು ನನ್ನ ಹತ್ತಿರ ಬನ್ನಿ, ಕೂತು ಬರೆಯೋಣ.

ಜನವರಿ ಮೊದಲ ಎರಡು ವಾರ ಎಲ್ಲಾ ಜಿಮ್ಮೂ ತುಂಬಿರುತ್ತೆ, ಸಂಜೆ ಐದರಿಂದ ಎಂಟು ಕಾಲಿಡೋಕೂ ಆಗಲ್ಲ. ಶಿಫ್ಟ್ ಹೊಂದಿಸೋಕೆ ಆಗೋರು ಭಾನುವಾರ ರಾತ್ರಿ ನೋಡಿ. ಅಕ್ಕನವರ ಬೆಳಗಿನ ಜಾವದ ಹೊತ್ತನ್ನ ಮಾತ್ರ ಅವರಿಗೇ ಬಿಡಿ, ಅಲ್ಲೂ ಹೋಗಿ ಮೊಣಕಾಲು ತಿದ್ದಬೇಡಿ. ಆ ಹುಡುಗ ಈಗ ಕೆಲಸಕ್ಕೆ ಹೋಗ್ತಿದ್ದಾನೆ, ಇವತ್ತು ಚಿತ್ರಾನ್ನ ಬಡಿಸ್ತಿರೋನು ಅವನೇ. ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಊಟಕ್ಕೆ ಮುಂಚೆ ಕೇಳಿ.